ಎರಡು ಡ್ರೈವ್ ಒಮ್ಮೆಲೇ ಹೋಗಲ್ಲ: ಕಲಬುರಗಿ ವಕೀಲರ ಆಫೀಸಿನ ಒಂದು ಡಿವಿಡಿ ಪ್ರಕರಣ

ಬ್ಯಾರೆ ಎಲ್ಲಾ ಕಡಿ ಸಿಡಿ, ಡಿವಿಡಿ ಕಾಲ ಮುಗದು ಹೋಗ್ಯಾದ, ಹೊಸ ಲ್ಯಾಪ್‌ಟಾಪಿನಾಗ ಡ್ರೈವ್ ಇರೋದೇ ಇಲ್ಲ, ಆದ್ರ ಕೋರ್ಟಿನ ಸುತ್ತಮುತ್ತ ಆಫೀಸಿಗಿ ರಿಪೇರಿಗಿ ಹೋಗೋರಿಗಿ ಗೊತ್ತದ, ಅಲ್ಲಿ ಇನ್ನೂ ಸಿಡಿ ನಡದೇ ಅದ. ಚಾರ್ಜ್‌ಶೀಟ್ ಜೋಡಿ ಸಿಸಿಟಿವಿ ಫುಟೇಜ್ ಸಿಡಿದಾಗ ಬರ್ತದ, ಫೋನ್ ರೆಕಾರ್ಡಿಂಗ್ ಸಿಡಿದಾಗ ಬರ್ತದ, ಇವರೂ ಕೋರ್ಟಿಗಿ ಏನರ ಹಾಕ್ಬೇಕಂದ್ರ ಸಿಡಿದಾಗೇ ಹಾಕ್ತಾರ. ನಮ್ಮೂರಾಗ ಹೈಕೋರ್ಟ್ ಪೀಠನೂ ಅದ, 2008ರಾಗ ಸಂಚಾರಿ ಪೀಠ ಅಂತ ಬಂದು 2013ರಾಗ ಖಾಯಂ ಆತು, ಹಂಗಾಗಿ ವಕೀಲರ ಆಫೀಸಿಗೇನು ಕಡಿಮಿ ಇಲ್ಲ, ಇಂಥಾ ಕೆಲಸಕ್ಕೂ ಕಡಿಮಿ ಇಲ್ಲ. ಇದು ಅಂಥಾ ಒಂದು ಆಫೀಸಿನ ಕೇಸ್. ಹೆಸರು ಬ್ಯಾಡ, ವಕೀಲ್ ಸಾಹೇಬ್ರು ಅಂತೀನಿ ಅಷ್ಟೇ.

ಮಷೀನ್ ಅಸೆಂಬಲ್ ಮಾಡ್ಸಿದ್ದು, ಮೊದಲು ವಿಂಡೋಸ್ 7 ಇತ್ತು, ಆಮ್ಯಾಲ ಅದರ ಮ್ಯಾಲೇ ವಿಂಡೋಸ್ 10ಕ್ಕ ಅಪ್‌ಗ್ರೇಡ್ ಮಾಡ್ಯಾರ. ಒಳಗ ಸಾಟಾ (ಮದರ್‌ಬೋರ್ಡಿಗಿ ಡಿಸ್ಕ್, ಡ್ರೈವ್ ಜೋಡ್ಸೋ ವೈರಿನ ನಮೂನಿ) ಡಿವಿಡಿ ರೈಟರ್. ಕಂಪ್ಲೇಂಟ್ ಏನಂದ್ರ ಜೇವರ್ಗಿ ರೋಡಿನ ಕಡಿಂದು ಒಂದು ಆಕ್ಸಿಡೆಂಟ್ ಕೇಸಿನ ಫುಟೇಜ್ ಸಿಡಿ ಕೈಯಾಗ ಅದ, ತಾರೀಖು ಹತ್ರ ಬಂದದ, ಸಿಡಿ ಹಾಕಿದ್ರ ಏನೂ ಆಗವಲ್ದು. ‘ದಿಸ್ ಪಿಸಿ’ ತೆಗೆದ್ರ ಸಿ ಅದ, ಡಿ ಅದ, ಡಿವಿಡಿ ಡ್ರೈವಿನ ಚಿತ್ರನೇ ಇಲ್ಲ. ಅದಕ್ಕೂ ಮುಂಚೆ ಯಾರೋ ಒಬ್ರು ಬಂದು ನೋಡಿ "ಡ್ರೈವ್ ಹೋಗ್ಯಾದ್ರಿ, ಹೊಸದು ಹಾಕ್ಬೇಕು" ಅಂತ ಹೇಳಿ ಹೋಗ್ಯಾರ. ಜೂನಿಯರ್ ಹುಡುಗ ಶಾಣ್ಯಾ, ಹೊಸದು ಯಾಕ ಅಂತ ಗೆಳೆಯನ ಕಡಿಂದ ಯುಎಸ್‌ಬಿ ಡಿವಿಡಿ ಡ್ರೈವ್ ಇಸ್ಕೊಂಡು ಬಂದು ಚುಚ್ಚಿದ, ಅದೂ ಕಾಣವಲ್ದು. ಆವಾಗ ಅದೇ ಮನಿಷಿ ಫೋನಿನಾಗ "ಹಂಗಾದ್ರ ಮದರ್‌ಬೋರ್ಡ್ ಹೋಗ್ಯಾದ" ಅಂದಾನ. ಅಲ್ಲಿಗಿ ಖರ್ಚು ಸಾವಿರದ ಲೆಕ್ಕದಿಂದ ಹತ್ತು ಸಾವಿರದ ಲೆಕ್ಕಕ್ಕ ಹೋತು ನೋಡ್ರಿ.

ನಂಗ ಈ ಕೇಸ್ ಬರಿಬೇಕು ಅನ್ಸಿದ್ದೇ ಈ ಮಾತಿಗಿ. ಒಳಗಿಂದು ಸಾಟಾ ಡ್ರೈವ್, ಹೊರಗಿಂದು ಯುಎಸ್‌ಬಿ ಡ್ರೈವ್, ಎರಡರ ವೈರ್ ಬ್ಯಾರೆ, ಕಂಪನಿ ಬ್ಯಾರೆ, ಕರೆಂಟ್ ಬರೋ ದಾರಿ ಬ್ಯಾರೆ, ಹೊರಗಿಂದು ಗೆಳೆಯನ ಮನ್ಯಾಗ ಹಿಂದಿನ ದಿನ ತನಕ ಛಂದ ನಡದದ. ಎರಡೂ ಒಂದೇ ಹೊತ್ತಿಗಿ ಸಾಯಬೇಕಂದ್ರ ಭಾಳ ಅಪರೂಪ. ಮದರ್‌ಬೋರ್ಡ್ ಹೋಗ್ಯಾದ ಅನ್ಲಾಕ ಅದೇ ಬೋರ್ಡಿನ ಸಾಟಾದಾಗ ಹಾರ್ಡ್ ಡಿಸ್ಕ್ ನಡದದ, ಅದೇ ಯುಎಸ್‌ಬಿದಾಗ ಪ್ರಿಂಟರ್ ನಡದದ. ಹಂಗಾದ್ರ ಈ ಎರಡು ಡ್ರೈವಿಗೂ ಒಟ್ಟಿಗಿ ಇರೋದು ಏನು? ವಿಂಡೋಸ್ ಎರಡನ್ನೂ ‘ಸಿಡಿ-ರಾಮ್’ ಅನ್ನೋ ಒಂದೇ ಜಾತಿಗಿ ಸೇರಿಸ್ತದ. ಅಷ್ಟೇ. ಕೈಯಾಗ ಸ್ಕ್ರೂಡ್ರೈವರ್ ಹಿಡಿಯೋಕಿಂತ ಮೊದಲೇ ನನ್ನ ಅನುಮಾನ ಅಲ್ಲಿಗಿ ಹೋಗಿತ್ತು.

ಆದ್ರೂ ಅನುಮಾನದ ಮ್ಯಾಲ ರಿಪೇರಿ ಮಾಡ್ಲಾಕ ಬರಲ್ಲ. ಬಟನ್ ಒತ್ತಿದೆ, ಟ್ರೇ ಹೊರಗ ಬಂತು, ಲೈಟ್ ಹತ್ತಿತು. ಇದನ್ನ ನೋಡಿ ಭಾಳ ಮಂದಿ "ಡ್ರೈವ್ ಸರಿ ಅದ" ಅಂತಾರ, ಹಂಗಲ್ಲ, ಟ್ರೇ ಬಂದ್ರ ಪವರ್ ಬರ್ಲತ್ತದ ಅಂತ ಮಾತ್ರ ಗೊತ್ತಾಗ್ತದ. ಸಾಟಾ ಡ್ರೈವಿಗಿ ಪವರ್ ವೈರ್ ಬ್ಯಾರೆ, 15 ಪಿನ್ನಿಂದು ಅಗಲ ಇರ್ತದ, ಡೇಟಾ ವೈರ್ ಬ್ಯಾರೆ, 7 ಪಿನ್ನಿಂದು ಸಣ್ಣದು. ಡೇಟಾ ವೈರ್ ಪೂರಾ ಕಿತ್ತು ಒಗೆದ್ರೂ ಟ್ರೇ ಒಳಗ ಹೊರಗ ಆಡ್ತದ. (ಟ್ರೇನೇ ಬರಲಿಲ್ಲ ಅಂದ್ರ ಅದು ಬ್ಯಾರೆ ಕಥಿ, ಮುಂದಿನ ಸಣ್ಣ ತೂತಿನಾಗ ಪೇಪರ್ ಕ್ಲಿಪ್ ಬಿಚ್ಚಿ ಚುಚ್ಚಿ ತೆಗಿಬೇಕು, ಮಷೀನ್ ಬಂದ್ ಮಾಡಿ, ಒಳಗಿನ ರಬ್ಬರ್ ಬೆಲ್ಟ್ ಸಡ್ಲ ಆಗಿರ್ತದ ಹೆಚ್ಚಾಗಿ.) ಆಮ್ಯಾಲ ಬಯೋಸ್ (ವಿಂಡೋಸ್ ಶುರು ಆಗೋಕಿಂತ ಮೊದಲು ಬರೋ ಬೋರ್ಡಿನ ಸೆಟ್ಟಿಂಗ್) ಒಳಗ ಹೋಗಿ ನೋಡಿದೆ, ಡ್ರೈವಿನ ಮಾಡೆಲ್ ನಂಬರ್ ಛಂದಾಗಿ ಕಾಣ್ತು. ಅಂದ್ರ ಡೇಟಾ ವೈರೂ ಸರಿ, ಬೋರ್ಡೂ ಸರಿ. ಬಯೋಸಿನಾಗೇ ಕಾಣದಿದ್ರ ಮಾತ್ರ ಕ್ಯಾಬಿನೆಟ್ ಬಿಚ್ಚಿ ವೈರ್ ಬದಲಿ ಮಾಡೋದು, ಪೋರ್ಟ್ ಬದಲಿ ಮಾಡೋದು, ಇಲ್ಲಿ ಆ ಗರಜೇ ಬೀಳಲಿಲ್ಲ.

ನನ್ನ ಚೀಲದಾಗ ಯಾವಾಗ್ಲೂ ಒಂದು ಲೈವ್ ಲಿನಕ್ಸ್ ಪೆನ್‌ಡ್ರೈವ್ ಇರ್ತದ, ಅಂದ್ರ ವಿಂಡೋಸ್ ಬದಲಿ ಪೆನ್‌ಡ್ರೈವಿನಿಂದಲೇ ನಡಿಯೋ ಬ್ಯಾರೆ ಆಪರೇಟಿಂಗ್ ಸಿಸ್ಟಮ್. ಹಾರ್ಡ್ ಡಿಸ್ಕ್ ಮುಟ್ಟದೇ ಅದರಿಂದ ಮಷೀನ್ ಶುರು ಮಾಡಿ ಒಂದು ಹಳೇ ಡಿವಿಡಿ ಹಾಕಿದೆ, ಸೀದಾ ತೆಕ್ಕೊಂಡು ಫೈಲ್ ತೋರಿಸ್ತು. ಯುಎಸ್‌ಬಿ ಡ್ರೈವ್ ಚುಚ್ಚಿದ್ರ ಅದೂ ಕಾಣ್ತು. ಇಷ್ಟು ಸಾಕು, ಹಾರ್ಡ್‌ವೇರಿಗಿ ಕೈ ಹಚ್ಚೋದು ಬ್ಯಾಡ, ಜಗಳ ವಿಂಡೋಸ್ ಒಳಗ ಅದ. ಈ ಒಂದು ಟೆಸ್ಟ್ ಮಾಡದೇ ಡ್ರೈವ್ ಬದಲಿ ಮಾಡ್ಸಿದ್ರ ರೊಕ್ಕ ನೀರಾಗ ಹಾಕ್ದಂಗ, ಯಾಕಂದ್ರ ಹೊಸ ಡ್ರೈವ್ ಹಾಕಿದ್ರೂ ಅದು ಅದೇ ಜಾತಿಗಿ ಸೇರಿ ಅದೇ ಹಣೆಬರಹ ಆಗ್ತಿತ್ತು.

ತಿರುಗಿ ವಿಂಡೋಸಿಗಿ ಬಂದು ಡಿವೈಸ್ ಮ್ಯಾನೇಜರ್ (ಮಷೀನಿನ ಹಾರ್ಡ್‌ವೇರ್ ಎಲ್ಲಾ ತೋರ್ಸೋ ಪಟ್ಟಿ) ತೆಗೆದೆ. ‘ಡಿವಿಡಿ/ಸಿಡಿ-ರಾಮ್ ಡ್ರೈವ್ಸ್’ ಅಂತ ಇರೋದರ ಕೆಳಗ ಡ್ರೈವಿನ ಹೆಸರು ಅದ, ಅದರ ಮ್ಯಾಲ ಹಳದಿ ತ್ರಿಕೋನ. ಡಬಲ್ ಕ್ಲಿಕ್ ಮಾಡಿದ್ರ, ವಿಂಡೋಸಿಗಿ ಈ ಹಾರ್ಡ್‌ವೇರಿನ ಡ್ರೈವರ್ (ಅದನ್ನ ನಡೆಸೋ ಸಣ್ಣ ಪ್ರೋಗ್ರಾಂ) ಲೋಡ್ ಮಾಡ್ಲಾಕ ಆಗವಲ್ದು, ಡ್ರೈವರ್ ಕೆಟ್ಟಿರಬಹುದು ಇಲ್ಲಾ ಕಳೆದಿರಬಹುದು ಅಂತ ಬರೆದು ಕೊನಿಗಿ ಕೋಡ್ 39. ಹುಡುಗ ಇದನ್ನ ಮೊದಲೇ ನೋಡ್ಯಾನ, ನೋಡಿ ನೆಟ್ಟಿನಾಗ ‘ಡಿವಿಡಿ ಡ್ರೈವರ್ ಡೌನ್‌ಲೋಡ್’ ಅಂತ ಹುಡುಕಿ ಏನೇನೋ ಇಳಿಸ್ಯಾನ. ಇದು ಭಾಳ ಮಂದಿ ಬೀಳೋ ಬಾವಿ. ಡಿವಿಡಿ ಡ್ರೈವಿಗಿ ಕಂಪನಿಯವರ ಡ್ರೈವರ್ ಅಂತ ಬೇಕೇ ಆಗಲ್ಲ, ವಿಂಡೋಸಿನಾಗೇ ಸಿಡಿರಾಮ್ ಡಾಟ್ ಸಿಸ್ ಅಂತ ಒಂದು ಫೈಲ್ ಅದ, ಎಲ್ಲಾ ಕಂಪನಿ ಡ್ರೈವ್ ಅದ್ರಿಂದಲೇ ನಡೀತಾವ. ಡ್ರೈವರ್ ಕೊಡ್ತೀವಿ ಅನ್ನೋ ಸೈಟುಗಳು ಹೆಚ್ಚಿನವು ಕಸ ತುಂಬ್ಲಾಕ ಕುಂತವ. ಡಿವೈಸ್ ಮ್ಯಾನೇಜರಿನಾಗ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡೋದನ್ನೂ ಅವ ಮಾಡಿ ನೋಡ್ಯಾನ, ಮತ್ತ ಅದೇ ತ್ರಿಕೋನ.

ಯಾಕ ಹಂಗಾತು ಅಂದ್ರ, ವಿಂಡೋಸ್ ತನ್ನ ಡ್ರೈವರ್ ಜೋಡಿ ಬ್ಯಾರೆಯವರಿಗೂ ಜಾಗ ಕೊಟ್ಟಿರ್ತದ. ಬರ್ನಿಂಗ್ (ಸಿಡಿ ಮ್ಯಾಲ ಡೇಟಾ ಬರಿಯೋ) ಸಾಫ್ಟ್‌ವೇರ್, ಹಾಡಿನ ಸಾಫ್ಟ್‌ವೇರ್ ಇಂಥವು ಇನ್‌ಸ್ಟಾಲ್ ಆಗೋ ಮುಂದ ತಮ್ಮ ಒಂದು ಫಿಲ್ಟರ್ ಡ್ರೈವರ್ ಅನ್ನ ವಿಂಡೋಸ್ ಡ್ರೈವರಿನ ಮ್ಯಾಲ ಇಲ್ಲಾ ಕೆಳಗ ಕೂಡಿಸಿ, ಅದರ ಹೆಸರನ್ನ ರಿಜಿಸ್ಟ್ರಿದಾಗ (ವಿಂಡೋಸಿನ ಸೆಟ್ಟಿಂಗ್ ಎಲ್ಲಾ ಇರೋ ದಫ್ತರದಾಗ) ಬರೀತಾವ. ಮ್ಯಾಲಿನವರ ಹೆಸರು ಅಪ್ಪರ್‌ಫಿಲ್ಟರ್ಸ್ ಅನ್ನೋದರಾಗ, ಕೆಳಗಿನವರದು ಲೋವರ್‌ಫಿಲ್ಟರ್ಸ್ ಅನ್ನೋದರಾಗ. ಆ ಪಟ್ಟಿ ಒಂದು ಡ್ರೈವಿಂದಲ್ಲ, ಇಡೀ ಜಾತಿಗಿ ಒಂದೇ ಪಟ್ಟಿ. ಮುಂದ ಆ ಸಾಫ್ಟ್‌ವೇರ್ ತೆಗೆದಾಗ ಫೈಲ್ ಹೋಗಿ ಹೆಸರು ಮಾತ್ರ ಪಟ್ಟಿದಾಗ ಉಳೀತಂದ್ರ, ವಿಂಡೋಸ್ ಆ ಹೆಸರು ಕರೀತದ, ಯಾರೂ ಓ ಅನ್ನಲ್ಲ, ಹಂಗಾಗಿ ಇಡೀ ಡ್ರೈವನ್ನೇ ನಿಲ್ಲಿಸಿಬಿಡ್ತದ. ಇದನ್ನ ಸಾಹೇಬ್ರಿಗಿ ಹೇಳ್ದಾಗ ಅವರೇ ಅಂದ್ರು, "ಪಾರ್ಟಿ ಸತ್ತಾನ, ಎಲ್‌ಆರ್ (ಅವನ ಕಾನೂನು ವಾರಸುದಾರರು) ತಂದಿಲ್ಲ, ಕೇಸ್ ಮುಂದ ಹೋಗವಲ್ದು ಅಂದಂಗ ಆತಲ್ಲ." ಬಿಲ್ಕುಲ್ ಅದೇ.

ಹುಡುಗನ್ನ ಕೇಳ್ದೆ, "ತಮ್ಮಾ, ಈ ನಡುವ ಏನರ ಹಾಕಿ ತೆಗ್ದೀ ಏನು?" ಮೊದಲು ಇಲ್ರಿ ಸರ್ ಅಂದ, ಆಮ್ಯಾಲ ನೆನಪಾಗಿ, ಸಿಡಿ ಕಾಪಿ ಮಾಡ್ಲಾಕ ಒಂದು ಹಳೇ ಬರ್ನಿಂಗ್ ಸಾಫ್ಟ್‌ವೇರ್ ಹಾಕಿದ್ದೆ, ವಿಂಡೋಸ್ 10ರಾಗ ಛಂದ ನಡೀಲಿಲ್ಲ ಅಂತ ತೆಗೆದೆ ಅಂದ. ಅದೂ ಕಂಟ್ರೋಲ್ ಪ್ಯಾನಲಿನಿಂದ ಪೂರಾ ತೆಗಿಯೋ ಹೊತ್ತಿಗಿ ಲೈಟ್ ಹೋಗಿ ಮಷೀನ್ ಬಂದ್ ಆಗ್ಯಾದ, ಮತ್ತ ನೋಡಿದ್ರ ಕಂಟ್ರೋಲ್ ಪ್ಯಾನಲಿನ ಪಟ್ಟಿದಾಗ ಹೆಸರಿಲ್ಲ, ಹೋಗ್ಯಾದ ಅಂತ ತಿಳ್ಕೊಂಡಾನ. ಯುಪಿಎಸ್ ಇತ್ತು, ಬ್ಯಾಟರಿ ಸತ್ತಿತ್ತು. ನಮ್ಮ ಕಡಿ ಯುಪಿಎಸ್ ಅಂದ್ರ ಹೆಚ್ಚಿನ ಆಫೀಸಿನಾಗ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದಂಗೇ.

ಮಾಡಿದ ಕೆಲಸ ಇಷ್ಟು. ರಿಜಿಸ್ಟ್ರಿ ಎಡಿಟರ್ ತೆಗೆದು, ಲೋಕಲ್ ಮಷೀನ್ ಒಳಗ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಅಂತ ಇಳ್ಕೊಂತ ಹೋಗಿ 4ಡಿ36ಇ965 ಅಂತ ಶುರು ಆಗೋ ಉದ್ದನ್ನ ಹೆಸರಿನ ಕೀ ಹಿಡಿದೆ. ಇಲ್ಲಿ ಜರಾ ನೋಡ್ಕೊಂಡು, ಯಾಕಂದ್ರ ಅದರ ಬಾಜೂನೇ 966, 967 ಅಂತ ಅವ, 967 ಅಂದ್ರ ಹಾರ್ಡ್ ಡಿಸ್ಕಿಂದು, ಅಲ್ಲಿ ಕೈ ಆಡ್ಸಿದ್ರ ಮಷೀನೇ ಎದ್ದೇಳಲ್ಲ. ಬಲಗಡಿ ‘ಡಿವಿಡಿ/ಸಿಡಿ-ರಾಮ್’ ಅಂತ ಬರೆದಿದ್ದು ಕಣ್ಣಿಲೆ ನೋಡಿದ ಮ್ಯಾಲೇ ಮುಂದಿನ ಮಾತು. ಮೊದಲು ಆ ಕೀ ಎಕ್ಸ್‌ಪೋರ್ಟ್ ಮಾಡಿ ಡೆಸ್ಕ್‌ಟಾಪಿನಾಗ ಇಟ್ಟೆ. ಅಪ್ಪರ್‌ಫಿಲ್ಟರ್ಸ್ ಇರ್ಲಿಲ್ಲ, ಲೋವರ್‌ಫಿಲ್ಟರ್ಸ್ ಇತ್ತು, ಅದರಾಗ ಆ ಸಾಫ್ಟ್‌ವೇರಿನ ಫಿಲ್ಟರ್ ಹೆಸರು, ಡ್ರೈವರ್ಸ್ ಫೋಲ್ಡರಿನಾಗ ಹುಡುಕಿದ್ರ ಆ ಹೆಸರಿನ ಫೈಲೇ ಇಲ್ಲ. ಆ ವ್ಯಾಲ್ಯೂ ಡಿಲೀಟ್ ಮಾಡಿ ರೀಸ್ಟಾರ್ಟ್. ತ್ರಿಕೋನ ಹೋತು, ಡ್ರೈವ್ ಬಂತು, ಯುಎಸ್‌ಬಿಂದು ಚುಚ್ಚಿದ್ರ ಅದೂ ಬಂತು. ಕೆಲವು ಮಷೀನಿನಾಗ ಹೆಸರಿನ ಕೊನಿಗಿ ಡಾಟ್ ಬಿಎಕೆ ಅಂತ ಇರೋದೂ ಕಾಣ್ತದ, ಅದನ್ನ ಮುಟ್ಟೋ ಗರಜಿಲ್ಲ. ಮತ್ತ ಫಿಲ್ಟರ್ ತೆಗೆದ ಮ್ಯಾಲ ಬರ್ನಿಂಗ್ ಸಾಫ್ಟ್‌ವೇರ್ ಬೇಕೇ ಬೇಕು ಅನ್ನೋರು ಅದನ್ನ ಹೊಸದಾಗಿ ಹಾಕ್ಬೇಕಾಗ್ತದ.

ಇಲ್ಲಿಗಿ ಕೇಸ್ ಕ್ಲೋಸ್ ಅಂತ ಸಾಹೇಬ್ರು ಚಹಾ ಹೇಳಿದ್ರು. ಫುಟೇಜ್ ಸಿಡಿ ಹಾಕಿದ್ವಿ. ಗರ್ ಗರ್ ಅಂತ ತಿರುಗ್ತದ, ನಿಂದರ್ತದ, ಮತ್ತ ತಿರುಗ್ತದ, ಕೊನಿಗಿ ‘ಡಿಸ್ಕ್ ಹಾಕ್ರಿ’ ಅಂತದ. ಡಿಸ್ಕ್ ಒಳಗೇ ಅದ!

ಡ್ರೈವ್ ಕಾಣವಲ್ದು ಅನ್ನೋದು ಒಂದು ರೋಗ, ಡಿಸ್ಕ್ ಓದವಲ್ದು ಅನ್ನೋದು ಇನ್ನೊಂದು ರೋಗ. ಎರಡಕ್ಕೂ ಮಂದಿ "ಸಿಡಿ ನಡೀವಲ್ದು" ಅಂತ ಒಂದೇ ಮಾತು ಹೇಳ್ತಾರ, ರಿಪೇರಿಯವನೂ ಹಂಗೇ ತಿಳ್ಕೊಂಡ್ರ, ಒಂದನ್ನ ಸರಿ ಮಾಡಿದ ಮ್ಯಾಲ ಎರಡನೇದು ಎದ್ದಾಗ, ಮೊದಲು ಮಾಡಿದ್ದೇ ತಪ್ಪಾತೇನೋ ಅಂತ ಅದನ್ನ ತಿರುಗಿ ಕೆಡಿಸ್ಲಾಕ ಹೋಗ್ತಾನ. ರಿಜಿಸ್ಟ್ರಿ ಕೆಲಸ ಮುಗದದ, ಅದನ್ನ ಅಲ್ಲಿಗೇ ಬಿಟ್ಟು ಈಗ ಕಣ್ಣು ಡ್ರೈವಿನೊಳಗ ಡಿಸ್ಕ್ ಓದೋ ಲೇಸರಿನ ಮಸೂರದ (ಲೆನ್ಸಿನ) ಮ್ಯಾಲ ಇಡಬೇಕು.

ಆಫೀಸಿನಾಗ ಸಿಕ್ಕ ಡಿಸ್ಕ್ ಎಲ್ಲಾ ತರಿಸಿ ಒಂದೊಂದಾಗಿ ಹಾಕಿ ನೋಡಿದೆ. ಕಂಪನಿ ಅಚ್ಚು ಒತ್ತಿದ ಡಿವಿಡಿ ಓದ್ತು, ಬರ್ನ್ ಮಾಡಿದ ಡಿವಿಡಿ ಓದ್ತು, ಒತ್ತಿದ ಆಡಿಯೋ ಸಿಡಿ ಒಮ್ಮೆ ಓದಿ ಒಮ್ಮೆ ಬಿಟ್ತು, ಬರ್ನ್ ಮಾಡಿದ ಸಿಡಿ ಯಾವುದೂ ಬ್ಯಾಡ ಅಂತು. ಇದರಾಗ ಒಂದು ಲೆಕ್ಕ ಅದ. ಒಂದೇ ಡ್ರೈವಿನಾಗ ಎರಡು ಲೇಸರ್ ಇರ್ತಾವ, ಡಿವಿಡಿಗಿ 650 ನ್ಯಾನೋಮೀಟರಿನ ಕೆಂಪು, ಸಿಡಿಗಿ 780 ನ್ಯಾನೋಮೀಟರಿಂದು, ಅದು ಕಣ್ಣಿಗಿ ಬರಾಬರ್ ಕಾಣಲ್ಲ. ಒಂದು ಸೋತ್ರೂ ಇನ್ನೊಂದು ಮಜಬೂತ್ ಇರಬಹುದು. "ಡಿವಿಡಿ ಓದ್ತದಲ್ರಿ, ಮತ್ತ ಸಿಡಿ ಯಾಕ ಓದಲ್ಲ, ಡಿವಿಡಿ ದೊಡ್ಡದಲ್ಲ?" ಅಂತ ಗುಮಾಸ್ತರು ಕೇಳಿದ್ರು, ಭಾಳ ಮಂದಿ ಕೇಳೋ ಮಾತದು, 4.7 ಜಿಬಿ ಓದೋನಿಗಿ 700 ಎಂಬಿ ಯಾವ ಲೆಕ್ಕ ಅಂತ. ದೊಡ್ಡದು ಸಣ್ಣದರ ಮಾತಲ್ಲ, ಬೆಳಕೇ ಬ್ಯಾರೆ. ಮತ್ತ ಒತ್ತಿದ ಸಿಡಿದಾಗ ಖರೇನೇ ತಗ್ಗು ಇರ್ತಾವ, ಬರ್ನ್ ಮಾಡಿದ್ದರಾಗ ಬಣ್ಣದ ಪದರ ಸುಟ್ಟ ಕಲೆ ಅಷ್ಟೇ, ಸೋತ ಲೇಸರ್ ಇಲ್ಲಾ ಧೂಳು ಕುಂತ ಮಸೂರಕ್ಕ ಅದೇ ಮೊದಲು ಕೈ ಕೊಡ್ತದ.

ಧೂಳಿನ ಅನುಮಾನ ಹೆಚ್ಚಿತ್ತು. ಕ್ಯಾಬಿನೆಟ್ ನೆಲದಾಗ ಫರ್ಸಿ ಮ್ಯಾಲ ಇತ್ತು, ಕಸ ಹೊಡೆದಾಗೆಲ್ಲಾ ಅದರೊಳಗೇ ಹೋಗ್ತದ, ಮತ್ತ ಕಲಬುರಗಿ ಬ್ಯಾಸಿಗಿ ಗಾಳಿ ಹೇಳೋದೇ ಬ್ಯಾಡ. ಡ್ರೈವ್ ಹೊರಗ ತೆಗೆದು ಕೆಳಗಿನ ಸ್ಕ್ರೂ ಬಿಚ್ಚಿ ತಗಡು ಎತ್ತಿದೆ. ಮಸೂರ ಅಂದ್ರ ಕಡ್ಲಿ ಕಾಳಿಗಿಂತ ಸಣ್ಣ ಗಾಜಿನಂಥಾ ಹನಿ, ಕೂದಲಿನಂಥಾ ಸಣ್ಣ ತಂತಿಗಳ ಮ್ಯಾಲ ತೂಗಾಡ್ತಿರ್ತದ, ಬೆರಳಿನ ತುದಿ ತಾಕಿದ್ರ ಅಲ್ಲಾಡ್ತದ. ಅದರ ಮ್ಯಾಲ ಬೂದಿ ಬಣ್ಣದ ತೆಳು ಪದರ, ಓರೆ ಹಿಡಿದು ಟಾರ್ಚ್ ಬಿಟ್ಟಾಗ ಮಾತ್ರ ಕಾಣ್ತು. ಮೊದಲು ಬ್ಲೋವರ್ ಚೆಂಡಿಲೆ ಊದಿದೆ, ಬಾಯಿಲೆ ಊದಬಾರದು, ಎಂಜಲು ಹನಿ ಬಿದ್ರ ಕೆಲಸ ಇನ್ನೂ ಕೆಡ್ತದ. ಆಮ್ಯಾಲ ಹತ್ತಿ ಕಡ್ಡಿಗಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಹಿಂಡಿ, ಭಾರ ಹಾಕದೇ ನಡುವಿನಿಂದ ಅಂಚಿಗಿ ತಿರುಗಿಸ್ಕೊಂತ ಒರೆಸಿ, ಒಣಗಲಾಕ ಬಿಟ್ಟೆ. ಪೇಟ್ಯಾಗ ಬ್ರಷ್ ಅಂಟಿಸಿದ ಕ್ಲೀನಿಂಗ್ ಸಿಡಿ ಸಿಗ್ತಿದ್ವು, ಅವು ನಂಗ ಮನಸಿಗಿ ಬರಲ್ಲ, ಬ್ರಷಿನಾಗ ಮರಳಿನ ಕಣ ಇದ್ರ ತಿರುಗೋ ಸ್ಪೀಡಿನಾಗ ಮಸೂರಾನೇ ಗೀರ್ತದ. ಡ್ರೈವ್ ತೆರೆದಿದ್ದಾಗ ಕರೆಂಟ್ ಕೊಡೋದಂತೂ ಬ್ಯಾಡೇ ಬ್ಯಾಡ, ಕಾಣದ ಲೇಸರ್ ಕಣ್ಣಿಗಿ ಕೆಟ್ಟದ್ದು.

ಹಾಕಿ ನೋಡಿದ್ರ ಆಡಿಯೋ ಸಿಡಿ ತಪ್ಪದೇ ಓದ್ತು, ಬರ್ನ್ ಮಾಡಿದ ಸಿಡಿಗಳೂ ಕೆಲವು ಬಂದ್ವು. ಫುಟೇಜ್ ಸಿಡಿ ತೆಕ್ಕೊಂತು, ಫೈಲಿನ ಹೆಸರು ತೋರಿಸ್ತು, ಕಾಪಿ ಹಚ್ಚಿದ್ರ ನಡುವ ನಿಂತು ಸಿಆರ್‌ಸಿ ಎರರ್ (ಓದಿದ ಡೇಟಾ ತಾಳೆ ಆಗವಲ್ದು ಅನ್ನೋ ತಪ್ಪು) ಕೊಡ್ತು.

ಆವಾಗ ಡಿಸ್ಕನ್ನೇ ಕೈಯಾಗ ಹಿಡಿದು ಟ್ಯೂಬ್‌ಲೈಟಿನ ಕಡಿ ಎತ್ತಿ ನೋಡಿದೆ. ಕೆಳಗಿನ ಮುಖ ಸಾಫ್ ಅದ, ಎರಡು ಸಣ್ಣ ಗೀರು, ಅವಕ್ಕ ಸಿಡಿ ಅಂಜಲ್ಲ, ಅದರ ತಪ್ಪು ತಿದ್ದೋ ಲೆಕ್ಕಾಚಾರದಾಗ ಟ್ರ್ಯಾಕಿನ ಉದ್ದಕ್ಕ ಸುಮಾರು ಎರಡೂವರಿ ಮಿಲಿಮೀಟರ್ ತನಕ ಹೋದ ಡೇಟಾ ತಾನೇ ತುಂಬಿಕೊಳ್ಳೋ ತಾಕತ್ ಅದ. ಬ್ಯಾನಿ ಇದ್ದದ್ದು ಮ್ಯಾಲಿನ ಮುಖಕ್ಕ. ಯಾರೋ ಕ್ರೈಂ ನಂಬರ್ ಅನ್ನ ಬಾಲ್‌ಪೆನ್ನಿಲೆ ಒತ್ತಿ ಬರ್ದಾರ, ಬೆಳಕಿಗಿ ಹಿಡಿದ್ರ ಅಂಕಿಯ ಗೆರಿಗಳಲ್ಲಿ ಬೆಳಕು ತೂರಿ ಬರ್ತದ! ಸಿಡಿದಾಗ ಡೇಟಾ ಇರೋದು ಕೆಳಗ ಹೊಳಿಯೋ ಕಡಿ ಅಂತ ಎಲ್ಲಾರೂ ತಿಳ್ಕೊಂಡಾರ, ಖರೆ ಅಂದ್ರ ಕೆಳಗಿಂದು 1.2 ಮಿಲಿಮೀಟರ್ ದಪ್ಪ ಪ್ಲಾಸ್ಟಿಕ್, ಡೇಟಾ ಪದರ ಅದರ ಮ್ಯಾಲ, ಲೇಬಲಿನ ತೆಳು ವಾರ್ನಿಶ್ ಕೆಳಗ ಅದ. ಡಿವಿಡಿದಾಗ ಹಂಗಲ್ಲ, ಎರಡು ಪ್ಲಾಸ್ಟಿಕ್ ನಡುವ ಇರ್ತದ, ಅದಕ್ಕ ಅದು ಇಂಥದ್ದು ತಡ್ಕೊಳ್ತದ. ನಸೀಬ್ ಛಲೋ, ಸಿಡಿ ಒಳಗಿನಿಂದ ಹೊರಗ ಬರ್ನ್ ಆಗ್ತದ, ಬರೆದಿದ್ದು ಅಂಚಿನ ಕಡಿ, ಹಂಗಾಗಿ ಕೊನಿ ಒಂದಿಷ್ಟು ಅಂಕಿಗಳು ಮಾತ್ರ ಬರ್ನ್ ಆದ, ಅಂದ್ರ ಡೇಟಾ ಇರೋ ಸುತ್ತಿಗಿ ತಾಕಿದ್ವು.

ಮತ್ತ ಲಿನಕ್ಸ್ ಪೆನ್‌ಡ್ರೈವ್ ಹಾಕಿ ಗ್ನೂ ಡಿಡಿರೆಸ್ಕ್ಯೂ ಅನ್ನೋ, ಕೆಟ್ಟ ಡಿಸ್ಕಿನಿಂದ ಡೇಟಾ ತೆಗಿಯೋ ಪ್ರೋಗ್ರಾಂ ಹಚ್ಚಿದೆ. ಇದರ ಛಂದ ಏನಂದ್ರ ಓದಿದ ಜಾಗ, ಓದದ ಜಾಗ ಎರಡನ್ನೂ ಒಂದು ಮ್ಯಾಪ್ ಫೈಲಿನಾಗ ಬರ್ಕೊಂತ ಹೋಗ್ತದ. ಒಳಗಿನ ಡ್ರೈವಿನಾಗ ಎಷ್ಟು ಬರ್ತದೋ ಅಷ್ಟು ತೆಗೆದು, ಉಳಿದ ತುಣುಕಿಗಿ ಅದೇ ಮ್ಯಾಪ್ ಫೈಲ್ ಕೊಟ್ಟು ಯುಎಸ್‌ಬಿ ಡ್ರೈವಿನಾಗ ಹಾಕಿದ್ರ, ಬರೇ ಬಿಟ್ಟದ್ದನ್ನಷ್ಟೇ ಓದ್ತದ. ಒಂದು ಡ್ರೈವಿಗಿ ಆಗದ್ದು ಇನ್ನೊಂದಕ್ಕ ಆಗ್ತದ, ಇದು ಅನುಭವದ ಮಾತು. ಯುಎಸ್‌ಬಿಂದು ಮೊದಲು ಮುಂದಿನ ಪೋರ್ಟಿನಾಗ ಚುಚ್ಚಿದಾಗ ಕಟ್ ಕಟ್ ಅಂತ ಹೆಸರಿಗಿ ಮಾತ್ರ ತಿರುಗ್ತಿತ್ತು, ಡಿಸ್ಕ್ ಸ್ಪೀಡ್ ಹಿಡಿಯೋ ಮುಂದ ಅದಕ್ಕ ಕರೆಂಟ್ ಹೆಚ್ಚು ಬೇಕು, ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆಂಪ್ ಅಷ್ಟೇ, ಅದರಾಗೂ ಮುಂದಿನ ಪೋರ್ಟಿಗಿ ಕ್ಯಾಬಿನೆಟ್ ಒಳಗಿನ ವೈರ್ ಉದ್ದ. ಹಿಂದ ಬೋರ್ಡಿನ ಪೋರ್ಟಿಗಿ ಚುಚ್ಚಿದ ಮ್ಯಾಲ ಸುಮ್ಮನ ಓಡ್ತು. ಸ್ಪೀಡ್ ಇಳಿಸಿ ಬಿಟ್ಟೆ, ಊಟ ಮಾಡಿ ಬರೋದರಾಗ ಉಳಿದ ಎರರ್ ಸೊನ್ನಿಗಿ ಬಂದಿತ್ತು.

ಇಮೇಜ್ ಫೈಲ್ (ಇಡೀ ಸಿಡಿಯ ತದ್ರೂಪ ಒಂದೇ ಫೈಲಿನಾಗ) ಕೈಗಿ ಬಂದ ಕೂಡ್ಲೇ ಅದರ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥಾ ಉದ್ದನ್ನ ನಂಬರ್) ತೆಗೆದು ಸಾಹೇಬ್ರಿಗಿ ಬರೆದು ಕೊಟ್ಟೆ, ಅವರೇ ಕೇಳಿದ್ರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದದಲ್ಲ, ಎಲೆಕ್ಟ್ರಾನಿಕ್ ಸಾಕ್ಷ್ಯದ ಹಳೇ 65ಬಿ ಹೋಗಿ 63ನೇ ಕಲಂ ಆಗ್ಯಾದ, ಅದರ ಸರ್ಟಿಫಿಕೇಟಿನ ನಮೂನೆದಾಗ ಹ್ಯಾಶ್ ವ್ಯಾಲ್ಯೂ ಬರಿಲಾಕ ಜಾಗನೇ ಕೊಟ್ಟಾರ. ನಾ ತೆಗೆದಿದ್ದು ಅವರು ಕೇಸ್ ಓದ್ಲಾಕ ಮಾಡ್ಕೊಂಡ ಕಾಪಿ ಅಷ್ಟೇ, ಅಸಲಿ ಸಿಡಿ ಕವರಿನಾಗ ಹಂಗೇ ಹೋತು, ಅದರ ಮ್ಯಾಲ ನಾವೇನೂ ಬರೀಲಿಲ್ಲ, ಸ್ಟಿಕರ್ ಹಚ್ಚಲಿಲ್ಲ. ಪೆನ್ನಿನ ಗುರುತಿನ ಬಗ್ಗೆ ಏನು ಅರ್ಜಿ ಹಾಕ್ಬೇಕು ಅನ್ನೋದು ಅವರ ಕೆಲಸ.

ಫೈಲ್ ತೆಗೆದ್ರ ಮತ್ತ ಒಂದು ಕೊಕ್ಕೆ, ಡಿವಿಆರಿಂದ (ಸಿಸಿಟಿವಿ ರೆಕಾರ್ಡ್ ಮಾಡೋ ಪೆಟ್ಟಿಗಿ) ಸೀದಾ ಇಳಿಸಿದ ಡಿಎವಿ ನಮೂನಿ ವಿಡಿಯೋ ಫೈಲ್, ವಿಂಡೋಸಿನ ಪ್ಲೇಯರ್ ಗುರುತು ಹಿಡೀಲಿಲ್ಲ. ಸಿಡಿದಾಗೇ ಒಂದು ಸಣ್ಣ ಪ್ಲೇಯರ್ ಕೊಟ್ಟಿದ್ರು, ಅದರಾಗ ನಡೀತು. ಲಾರಿ ಬರೋದು, ಬೈಕ್ ತಿರುಗೋದು, ಮೂಲ್ಯಾಗ ಟೈಮ್, ಎಲ್ಲಾ ಕಂಡ್ವು.

ಒಳಗಿನ ಡ್ರೈವಿನ ಸಿಡಿ ಲೇಸರ್ ಸೋತದ, ಮಸೂರ ಒರೆಸಿದ್ದಕ್ಕ ಇನ್ನೊಂದಿಷ್ಟು ದಿನ ಎಳೀತದ ಅಷ್ಟೇ. ಡಿವಿಡಿಗಿ ಅದನ್ನೇ ಇಟ್ಕೊಳ್ರಿ, ಸಿಡಿಗಿ ಒಂದು ಯುಎಸ್‌ಬಿ ಡ್ರೈವ್ ತಗೊಳ್ರಿ ಅಂತ ಹೇಳ್ದೆ, ಸೂಪರ್ ಮಾರ್ಕೆಟ್ ಕಡಿ ಹೋಗಿ ತಂದ್ರು. ಯುಪಿಎಸ್ ಬ್ಯಾಟರಿನೂ ಹಾಕಿಸ್ಯಾರ. ಹುಡುಗ ಕಾಪಿ ಮಾಡ್ಲಾಕ ಮತ್ತ ಯಾವ ಸಾಫ್ಟ್‌ವೇರ್ ಹಾಕ್ಲಿ ಸರ್ ಅಂದ. ಯಾವುದೂ ಬ್ಯಾಡ, ವಿಂಡೋಸ್ 7ರಿಂದಲೇ ಇಮೇಜ್ ಫೈಲಿನ ಮ್ಯಾಲ ರೈಟ್ ಕ್ಲಿಕ್ ಮಾಡಿ ಬರ್ನ್ ಮಾಡ್ಲಾಕ ಬರ್ತದ. ಬರೇ ಫೈಲ್ ಹಾಕೋದಿದ್ರ ವಿಂಡೋಸ್ ಎರಡು ದಾರಿ ಕೇಳ್ತದ, ಯುಎಸ್‌ಬಿ ಡ್ರೈವಿನಂಗ ಬಳಸೋದು ಒಂದು, ಸಿಡಿ/ಡಿವಿಡಿ ಪ್ಲೇಯರ್ ಜೋಡಿ ಬಳಸೋದು ಇನ್ನೊಂದು. ಕೋರ್ಟಿಗಿ ಕೊಡೋದಕ್ಕ ಎರಡನೇದನ್ನೇ ಆರಿಸ್ಬೇಕು, ಮೊದಲನೇದರಾಗ ಸೆಷನ್ ಕ್ಲೋಸ್ ಆಗದೇ (ಬರಿಯೋದನ್ನ ಮುಗಿಸಿ ಮುಚ್ಚದೇ) ಹೋದ್ರ ನಿನ್ನ ಮಷೀನಿನಾಗ ಕಾಣ್ತದ, ಬೆಂಚ್ ಕ್ಲರ್ಕ್ ಕಂಪ್ಯೂಟರಿನಾಗ ಖಾಲಿ ಕಾಣ್ತದ ಅಂತ ತೋರಿಸಿ ಕೊಟ್ಟೆ. ಮತ್ತ ಕೇಸ್ ನಂಬರ್ ಬರಿಯೋದು ನೀರಿನ ಇಂಕಿನ ಮಾರ್ಕರಿಲೆ, ಅದೂ ನಡುವಿನ ತೂತಿನ ಸುತ್ತ ಇರೋ ಪಾರದರ್ಶಕ ಬಳಿ ಮ್ಯಾಲ, ಅಲ್ಲಿ ಡೇಟಾ ಇರಲ್ಲ.